ನಸುಕಿನ ನೀರು ಅಳೆಯಲು ಹೊರಟಾಗ

ಅಘನಾಶಿನಿ ಅಳಿವೆಯ ಪಕ್ಕದ ಒಂದು ಗಜನಿಯಲ್ಲಿ (ಭತ್ತ ಬೆಳೆದು, ಕೊಯ್ದ ಮೇಲೆ ಸಿಗಡಿ, ಮೀನು ಸಾಕುವ ಉಪ್ಪುನೀರಿನ ತಗ್ಗು ಗದ್ದೆ) ನಸುಕಿನ ಹೊತ್ತು ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಅಲ್ಲಿ ಸಿಗಡಿ, ಮೀನು ನೋಡಿಕೊಳ್ಳುವ ಹಿರಿಯರು ನನ್ನನ್ನು ಕರೆದರು. ನಾನು ಕುಮಟಾದಲ್ಲಿ ರಸಾಯನಶಾಸ್ತ್ರ ಕಲಿಸುವವನು. ಕ್ಲಾಸು ಮುಗಿಸಿ ಅಲ್ಲಿಗೆ ಹೋಗುವಾಗ ಹನ್ನೊಂದು ಗಂಟೆ ದಾಟಿತ್ತು. ನೀರು ತೆಗೆದು ನೋಡಿದರೆ ಆಮ್ಲಜನಕ ಬೇಕಾದಷ್ಟಿದೆ. ಎರಡು ಸಲ ಹೀಗೇ ಆಯಿತು.

"ಮಾಸ್ತರ್ರೇ, ನೀವು ಬರುವಾಗ ಎಲ್ಲ ಸರಿಯೇ ಇರ್ತದೆ. ನಸುಕಿಗೆ ಬಂದು ನೋಡಿ" ಅಂದರು ಅವರು.

ಅವರ ಮಾತು ಸರಿಯಾಗಿತ್ತು. ಹಗಲು ಬಿಸಿಲಿದ್ದಾಗ ನೀರಿನ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಪಾಚಿ, ಮೀನು, ಸಿಗಡಿ ಎಲ್ಲವೂ ಅದನ್ನೇ ಉಸಿರಾಡುತ್ತವೆ. ಉಪ್ಪು ತಾಳುವ ಕಗ್ಗ ಭತ್ತ ಕೊಯ್ದ ಮೇಲೆ ಉಳಿದ ಕೂಳೆ ಕೊಳೆಯುವಾಗಲೂ ಆಮ್ಲಜನಕ ಖರ್ಚಾಗುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಮೊದಲು ಅದು ತೀರಾ ಕೆಳಗಿರುತ್ತದೆ. ಹಗಲು ಹೋಗಿ ಬಾಟಲಿ ತುಂಬಿಸಿಕೊಂಡು ಬರುವ ನಮಗೆ ಅದು ಕಾಣುವುದೇ ಇಲ್ಲ. ಇಡೀ ರಾತ್ರಿ ಎಚ್ಚರವಿರುವ ಒಂದು ಯಂತ್ರ ಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಜೋಡಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಇಎಸ್‌ಪಿ32 ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡು, ಮೆಮೊರಿ ಕಾರ್ಡು, ಸಣ್ಣ ಸೋಲಾರ್ ಪ್ಯಾನೆಲ್, ಉಷ್ಣತೆ ಅಳೆಯಲು ಡಿಎಸ್18ಬಿ20 ಸೆನ್ಸರ್, ಜೊತೆಗೆ ಗ್ಯಾಲ್ವನಿಕ್ ಮಾದರಿಯ (ಆಮ್ಲಜನಕದ ಪ್ರತಿಕ್ರಿಯೆಯಿಂದ ಹುಟ್ಟುವ ವಿದ್ಯುತ್ತನ್ನು ನೋಡಿ ಅಳೆಯುವ) ಆಮ್ಲಜನಕದ ಪ್ರೋಬ್. ಹದಿನೈದು ನಿಮಿಷಕ್ಕೊಮ್ಮೆ ಎದ್ದು, ಅಳೆದು, ಬರೆದಿಟ್ಟು ಮತ್ತೆ ಮಲಗುತ್ತದೆ. ಎಲ್ಲವನ್ನೂ ಪಿವಿಸಿ ಪೈಪಿನೊಳಗೆ ಹಾಕಿ ಎರಡೂ ತುದಿ ಮುಚ್ಚಿದೆ. ಕರಾವಳಿಯವರಿಗೆ ಒಂದು ಮಾತು: ಸ್ಟೀಲ್ ಸ್ಕ್ರೂ ಅಂತ ಅಂಗಡಿಯಲ್ಲಿ ಕೊಟ್ಟಿದ್ದನ್ನೆಲ್ಲ ನಂಬಬೇಡಿ. ಮಾಮೂಲಿ 304 ಸ್ಟೀಲ್ ನಮ್ಮ ಉಪ್ಪು ನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. 316 ಅಂತ ಕೇಳಿ ತೆಗೆದುಕೊಳ್ಳಿ, ಇಲ್ಲವೇ ನೈಲಾನ್ ಬಳಸಿ.

ಗಜನಿಯೊಳಗೆ ಇಡುವ ಮೊದಲು ಆಗಸ್ಟ್‌ನಲ್ಲಿ ಹೊಳೆಯ ಕಡೆ ಕಟ್ಟಿ ಪರೀಕ್ಷೆ ಮಾಡಿದೆ. ಪಕ್ಕದಲ್ಲೇ, ರಾಸಾಯನಿಕಗಳಿಂದ ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನದಲ್ಲೂ ಅಳೆದೆ. 1888ರಷ್ಟು ಹಳೆಯ ವಿಧಾನ ಅದು, ಆದರೂ ನನಗೆ ಅದರ ಮೇಲೆ ಪೂರ್ತಿ ನಂಬಿಕೆ. 300 ಮಿಲಿಲೀಟರ್ ಬಾಟಲಿಯಲ್ಲಿ ಗುಳ್ಳೆ ಬರದ ಹಾಗೆ ನೀರು ತುಂಬಿ, ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಆಮೇಲೆ ಕ್ಷಾರ ಬೆರೆತ ಅಯೊಡೈಡ್ ಹಾಕಬೇಕು. ಕಂದು ಬಣ್ಣದ ಗಸಿ ಬಂದರೆ ಆಮ್ಲಜನಕ ಇದೆ, ಬಿಳಿಯಾಗಿಯೇ ಉಳಿದರೆ ಇಲ್ಲ. ಲೆಕ್ಕ ಮಾಡುವ ಮೊದಲೇ ಕಣ್ಣಿಗೆ ಕಾಣುತ್ತದೆ. ಗಸಿಯನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ ಥಯೋಸಲ್ಫೇಟ್‌ನಿಂದ ಟೈಟ್ರೇಶನ್ ಮಾಡಬೇಕು, ಅಂದರೆ ಬಣ್ಣ ಹೋಗುವವರೆಗೆ ಎಷ್ಟು ಥಯೋಸಲ್ಫೇಟ್ ಬೇಕಾಯಿತು ಅಂತ ಅಳೆಯಬೇಕು. ಯಂತ್ರದ ಅಂಕಿ, ಬಾಟಲಿಯ ಅಂಕಿ ಎರಡೂ ಹೊಂದಿದವು. ನನಗೆ ತುಂಬಾ ಖುಷಿಯಾಯಿತು.

ಮಾರ್ಚ್‌ನಲ್ಲಿ ಆ ಖುಷಿ ಹೋಯಿತು. ಅದೇ ಪ್ರೋಬ್, ಹೊಸದಾಗಿ ಕ್ಯಾಲಿಬ್ರೇಶನ್ ಮಾಡಿದ್ದು (ಅಂಕಿ ಸರಿಹೊಂದಿಸಿದ್ದು), ಲೀಟರಿಗೆ 5.6 ಮಿಲಿಗ್ರಾಂ ತೋರಿಸುತ್ತಿತ್ತು. ಬಾಟಲಿಯಲ್ಲಿ 4.7 ಬಂತು. ನನ್ನ ಕೈಯೇ ತಪ್ಪಿರಬೇಕು ಅಂತ ಹೊಸ ಥಯೋಸಲ್ಫೇಟ್ ಮಾಡಿಕೊಂಡು ಮತ್ತೆ ಅಳೆದೆ. ಮತ್ತೆ ಅದೇ ವ್ಯತ್ಯಾಸ. ಪ್ರೋಬಿನ ಪೊರೆ ಬದಲಿಸಿದೆ, ಒಳಗಿನ ದ್ರಾವಣ ಬದಲಿಸಿದೆ. ಏನೂ ಪ್ರಯೋಜನ ಆಗಲಿಲ್ಲ. ಇನ್ನೂ ಯೋಚನೆಗೆ ಹಚ್ಚಿದ್ದು ಏನೆಂದರೆ, ಕಾಲೇಜಿನ ಬಾವಿ ನೀರಿನಲ್ಲಿ ಎರಡೂ ಸರಿಯಾಗಿಯೇ ಹೊಂದುತ್ತಿದ್ದವು.

ಮಳೆಗಾಲದಲ್ಲಿ ಸರಿ, ಬಾವಿಯಲ್ಲಿ ಸರಿ, ಬೇಸಿಗೆಯ ಅಳಿವೆಯಲ್ಲಿ ಮಾತ್ರ ತಪ್ಪು. ಇವನ್ನು ಒಟ್ಟಿಗೆ ಇಟ್ಟು ನೋಡಿದಾಗ ಉತ್ತರ ಹೊಳೆಯಿತು: ಉಪ್ಪು. ಅಘನಾಶಿನಿಗೆ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಘಟ್ಟದ ಸಿಹಿನೀರು ಅಳಿವೆಯ ಉಪ್ಪನ್ನೆಲ್ಲ ಹೊರಗೆ ತಳ್ಳುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಭರತದ ಜೊತೆ ಸಮುದ್ರವೇ ಒಳಗೆ ಬರುತ್ತದೆ. ಪ್ರೋಬ್ ನಿಜವಾಗಿ ಅಳೆಯುವುದು ನೀರಿನಲ್ಲಿರುವ ಆಮ್ಲಜನಕದ ಒತ್ತಡವನ್ನು. ಅದನ್ನು ಮಿಲಿಗ್ರಾಂಗೆ ತಿರುಗಿಸುವುದು ನಾವು ಬರೆದ ಲೆಕ್ಕ. ಉಪ್ಪು ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿದುಕೊಂಡರೆ, ಸಮುದ್ರದ ನೀರು ಹಿಡಿಯುವುದು 6.8ರಷ್ಟು. ನನ್ನ ಪ್ರೋಗ್ರಾಂನಲ್ಲಿ ಉಪ್ಪಿನ ಜಾಗದಲ್ಲಿ ಸೊನ್ನೆ ಇತ್ತು.

ಇದು ಸಣ್ಣ ತಪ್ಪಲ್ಲ. ಚಿಪ್ಪುಮೀನು ಬೆಳೆಯುವ ಕರಾವಳಿ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಇರಬೇಕು ಅನ್ನುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. 5.6 ಅಂದರೆ ಪಾಸು, 4.7 ಅಂದರೆ ಫೇಲು. ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ಅನ್ನುವ ಚಿಪ್ಪುಮೀನು ಹೆಕ್ಕಿ ಬದುಕುವ ಎಷ್ಟೋ ಮನೆಗಳು ಈ ದಂಡೆಯಲ್ಲಿವೆ. 2024ರಲ್ಲಿ ಈ ಅಳಿವೆಗೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಇಂಥ ನೀರಿನ ಬಗ್ಗೆ ಅರ್ಧಂಬರ್ಧ ಅಂಕಿ ಹೇಳುವುದಕ್ಕಿಂತ ಸುಮ್ನೆ ಇರುವುದು ಮೇಲು ಅಲ್ವಾ?

ಹಾಗಾಗಿ ವಾಹಕತೆ ಅಳೆಯುವ ಇನ್ನೊಂದು ಪ್ರೋಬ್ ಸೇರಿಸಿದೆ; ಉಪ್ಪು ಹೆಚ್ಚಿದಷ್ಟೂ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಅದರಿಂದ ಉಪ್ಪು ಎಷ್ಟಿದೆ ಅಂತ ತಿಳಿಯುತ್ತದೆ. ಕುಡಿಯುವ ನೀರಿಗೆ ಬಳಸುವ ಟಿಡಿಎಸ್ ಪೆನ್ನು ಇಲ್ಲಿ ನಡೆಯುವುದಿಲ್ಲ, ಅಳಿವೆಯ ಉಪ್ಪು ಅದರ ಮಿತಿಯನ್ನೇ ದಾಟುತ್ತದೆ. ಉಪ್ಪು ನೀರಿಗೆಂದೇ ಇರುವ ಕೆ10 ಸೆಲ್ ಬೇಕು. ಈಗ ಪ್ರತಿ ಸಲ ಉಪ್ಪನ್ನು ಅಳೆದು, ಅದರ ಪ್ರಕಾರವೇ ಆಮ್ಲಜನಕದ ಲೆಕ್ಕ ಆಗುತ್ತದೆ. ಬಾಟಲಿಯ ಅಂಕಿ ಮತ್ತೆ ಹೊಂದಿತು.

ಆಮೇಲೆಯೂ ಎರಡು ತೊಂದರೆ ಬಂದವು. ಗ್ಯಾಲ್ವನಿಕ್ ಪ್ರೋಬ್ ಅಳೆಯುವಾಗ ತಾನೂ ಸ್ವಲ್ಪ ಆಮ್ಲಜನಕ ಬಳಸುತ್ತದೆ. ಭರತ ಇಳಿತದ ನಡುವೆ ನೀರು ನಿಂತಾಗ ಅಂಕಿ ಸುಳ್ಳಾಗಿ ಇಳಿಯುತ್ತಿತ್ತು. ಪೈಪನ್ನು ಗಜನಿಯ ಹಲಗೆ ಬಾಗಿಲಿನ ಹತ್ತಿರ, ನೀರು ಜಾಸ್ತಿ ಆಡುವಲ್ಲಿಗೆ ಸರಿಸಿದೆ. ಬೆಳಕಿನಿಂದ ಅಳೆಯುವ ಆಪ್ಟಿಕಲ್ ಪ್ರೋಬಿಗೆ ಈ ಸಮಸ್ಯೆ ಇಲ್ಲ, ಆದರೆ ಬೆಲೆ ನನ್ನ ಕೈಗೆ ಎಟಕುವುದಿಲ್ಲ. ಎರಡನೆಯದು ಪಾಚಿ, ಚಿಪ್ಪಿನ ಹುಳುಗಳು. ಬೇಸಿಗೆಯಲ್ಲಿ ವಾರ ಕಳೆದರೆ ಪೊರೆ ಲೋಳೆ ಹಿಡಿಯುತ್ತದೆ. ಪ್ರೋಬಿನ ಸುತ್ತ ತಾಮ್ರದ ಜಾಲರಿ ಸುತ್ತಿದ ಮೇಲೆ ಇದು ಎಷ್ಟೋ ಕಡಿಮೆಯಾಯಿತು. ವಾಹಕತೆಯ ಪ್ರೋಬಿಗೆ ಮಾತ್ರ ತಾಮ್ರ ತಾಗಬಾರದು, ಅದರ ಅಂಕಿ ಕೆಡುತ್ತದೆ.

ಅಂಕಿ ಸರಿಯಾದ ಮೇಲೆ ಗಜನಿಯ ರಾತ್ರಿ ಹೇಗಿರುತ್ತದೆ ಅಂತ ಮೊದಲ ಸಲ ಕಂಡಿತು. ಸಂಜೆ ನಾಲ್ಕಕ್ಕೆ ಎಲ್ಲಕ್ಕಿಂತ ಮೇಲೆ, ಆಮೇಲೆ ಇಳಿಯುತ್ತ ಇಳಿಯುತ್ತ ಬೆಳಗಿನ ಐದೂವರೆಗೆ 2 ಮಿಲಿಗ್ರಾಂನ ಕೆಳಗೆ. ಕಾಗದದ ಮೇಲೆ ಗೆರೆ ಬರೆದು ಆ ಹಿರಿಯರಿಗೆ ತೋರಿಸಿದೆ. ಅವರು ಕೆಳಗಿನ ತುದಿಯ ಮೇಲೆ ಬೆರಳಿಟ್ಟು, "ಇದೇ ಹೊತ್ತು ನಾ ಹೇಳಿದ್ದು" ಅಂದರು. ಈಗ ನಸುಕಿಗೆ ಭರತ ಇರುವ ದಿನಗಳಲ್ಲಿ ಅವರು ಬೇಗ ಎದ್ದು ಹಲಗೆ ಎತ್ತಿ ಹೊಸ ನೀರು ಒಳಗೆ ಬಿಡುತ್ತಾರೆ. ಭರತ ಇಲ್ಲದ ನಸುಕಿಗೆ ಏನು ಮಾಡುವುದು ಅನ್ನುವುದು ಇನ್ನೂ ಬಗೆಹರಿದಿಲ್ಲ. ಕೊಯ್ಲಾದ ತಕ್ಷಣ ಹುಲ್ಲು, ಕೂಳೆ ಒಂದಷ್ಟು ತೆಗೆದರೆ ಹೇಗೆ ಅಂತ ಈ ವರ್ಷ ಒಂದು ಮೂಲೆಯಲ್ಲಿ ನೋಡುತ್ತಿದ್ದೇವೆ. ಅಲ್ಲಿಗೂ ಒಂದು ಪೈಪು ಕಟ್ಟಿದ್ದೇನೆ. ವಾರಕ್ಕೊಮ್ಮೆ ಪೊರೆ ಒರೆಸಲು ಹೋಗುವಾಗ ಎರಡು ಬಾಟಲಿ ಚೀಲದಲ್ಲಿ ಇದ್ದೇ ಇರುತ್ತವೆ.