ಅಡಿಕೆ ಧಾರಣೆಯ ಬೆನ್ನಿಗೆ ಮೂರು ಸುದ್ದಿ: ನನ್ನ ಅನುಭವ

ವಾಟ್ಸ್‌ಆ್ಯಪ್ಪಿನಲ್ಲಿ ಕಳಿಸುವ ನಮ್ಮ ಧ್ವನಿ ವಾರ್ತೆಯನ್ನು ದುಡ್ಡು ಕೊಟ್ಟು ಕೇಳುವವರು ಈ ತಿಂಗಳು ನಾನೂರು ದಾಟಿದರು. ತಿಂಗಳಿಗೆ 30 ರೂಪಾಯಿ. ಶುರು ಮಾಡಿದಾಗ ಸಾಗರದ ಹಿರಿಯ ವರದಿಗಾರರೊಬ್ಬರು, "ಆಟೋಕ್ಕೆ ಮೈಕ್ ಕಟ್ಟಿ ಕೂಗೋದಕ್ಕೂ ಇದಕ್ಕೂ ಏನು ವ್ಯತ್ಯಾಸ ಮಾರಾಯ?" ಅಂದಿದ್ದರು. ಈಗ ಅವರದೂ 30 ರೂಪಾಯಿ ಬರುತ್ತೆ.

ಬೆಳಿಗ್ಗೆ ನಾನು ಪತ್ರಿಕೋದ್ಯಮದ ಅತಿಥಿ ಉಪನ್ಯಾಸಕ, ಮಧ್ಯಾಹ್ನದ ಮೇಲೆ ವರದಿಗಾರ. ಮೊದಲು ಎಲ್ಲರಂತೆ ಯೂಟ್ಯೂಬ್ ಚಾನೆಲ್ ಮಾಡಿದೆ. ಕ್ಯಾಮೆರಾ, ಲೈಟು, ಲೋಗೊ ಅಂಟಿಸಿದ ಮೈಕು ಅಂತ ಹತ್ತಿರ ಹತ್ತಿರ 40 ಸಾವಿರ ಕರಗಿತು. ಜಾಹೀರಾತಿನ ದುಡ್ಡು ಕೊಡೋದಕ್ಕೆ ಯೂಟ್ಯೂಬ್ ಕೇಳುವ 1,000 ಚಂದಾದಾರರು ಬೇಗ ಸಿಕ್ಕರು, 4,000 ಗಂಟೆ ವೀಕ್ಷಣೆ ಮಾತ್ರ ವರ್ಷವಾದರೂ ತುಂಬಲಿಲ್ಲ. ಕೈಗೆ ಬಂದದ್ದು ರಾಜಕಾರಣಿಗಳ ಹುಟ್ಟುಹಬ್ಬದ ಜಾಹೀರಾತಿನ ಕಾಸು. ಅದನ್ನು ಇಸ್ಕೊಂಡು ಅವರ ಮೇಲೆ ಬರೆಯೋದು ಹೇಗೆ? ಮುಚ್ಚಿದೆ.

ಸಂಜೆಯಾದರೆ ನಮ್ಮಲ್ಲಿ ಎಲ್ಲರ ಪ್ರಶ್ನೆ ಒಂದೇ: ರಾಶಿ ಎಷ್ಟಾಯ್ತು, ಚಾಲಿ ಎಷ್ಟಾಯ್ತು? ಎರಡೂ ಅಡಿಕೆಯ ಬಗೆ. ಹಾಗಾಗಿ ಎಪಿಎಂಸಿ, ಅಂದರೆ ಕೃಷಿ ಮಾರುಕಟ್ಟೆಯ ಧಾರಣೆ ಮೊದಲು, ಅದರ ಬೆನ್ನಿಗೆ ಗ್ರಾಮ ಪಂಚಾಯಿತಿ ಸುದ್ದಿ ಮೂರು. ಒಟ್ಟು ಮೂರು ನಿಮಿಷ, ವಾಟ್ಸ್‌ಆ್ಯಪ್ಪಿನಲ್ಲಿ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ತುಂಬಿ ಕಳಿಸಿದರೆ ತಲುಪಿದ್ದು ಎಪ್ಪತ್ತು ಚಿಲ್ಲರೆ. ನಮ್ಮ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಹೋಗೋದೇ ಇಲ್ಲ. ಗೊತ್ತಿದ್ದೂ ಮರೆತಿದ್ದೆ! ವಿದ್ಯಾರ್ಥಿಗಳು ಒಂದು ವಾರ ಯಾರ್ಡಿನಲ್ಲಿ ನಿಂತು, ಒಬ್ಬೊಬ್ಬರ ಮೊಬೈಲ್ ಇಸ್ಕೊಂಡು ಸೇವ್ ಮಾಡಿಕೊಟ್ಟರು.

ದೊಡ್ಡ ಎಡವಟ್ಟು ಆದದ್ದು ಎರಡನೇ ತಿಂಗಳಲ್ಲಿ. ವಾರ್ತೆ ಓದುವ ಹುಡುಗಿ ಕ್ವಿಂಟಲ್ ಅಡಿಕೆಯ ನಲವತ್ತೆಂಟು ಸಾವಿರವನ್ನು ಐವತ್ತೆಂಟು ಅಂದುಬಿಟ್ಟಳು. ಮರುದಿನ ಆನಂದಪುರದ ಕಡೆಯವರೊಬ್ಬರು ಪಿಕಪ್ಪಿನಲ್ಲಿ ಆರು ಚೀಲ ಹೇರಿಕೊಂಡು ಬಂದು ನಿಂತರು. ಬಾಡಿಗೆ ಸಾವಿರದ ಇನ್ನೂರೋ ಏನೋ, ನಾನೇ ಕೊಟ್ಟೆ. ಅವತ್ತಿನಿಂದ ಬೆಲೆಯನ್ನು ಅಂಕಿಯಲ್ಲಲ್ಲ, ಅಕ್ಷರದಲ್ಲೇ ಬರೆದುಕೊಂಡು ಓದಬೇಕು, ಇನ್ನೊಬ್ಬರು ಧಾರಣೆ ಪಟ್ಟಿ ಹಿಡಿದು ಕೇಳಬೇಕು. ತಪ್ಪಾದರೆ ಮುಂದಿನ ವಾರ್ತೆಯ ಮೊದಲ ಸಾಲೇ ತಿದ್ದುಪಡಿ. ಆ ಆರು ಚೀಲದ ಮುಂದೆ ಸತ್ಯಪರಿಶೀಲನೆ ಬಗ್ಗೆ ನಾನು ಸೆಮಿಸ್ಟರ್ ಪೂರ್ತಿ ಕೊರೆದದ್ದು ಏನೂ ಅಲ್ಲ.

ನಡುವೆ ಕೃತಕ ಬುದ್ಧಿಮತ್ತೆಯ ಧ್ವನಿಯನ್ನೂ ನೋಡಿದೆವು. 'ಗ್ರಾ.ಪಂ.' ಅನ್ನು ಗ್ರಾ, ಪಂ ಅಂತಲೇ ಓದಿತು. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಪ್ರಕಟಣೆಯನ್ನು ಯೂನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಜಾಗ ತಪ್ಪಿತ್ತು, ಅದನ್ನೂ ಹಾಗೆಯೇ ಓದಿತು. ಕೇಳಿದ ಅಜ್ಜ ಒಬ್ಬರು ಫೋನ್ ಮಾಡಿ, "ಹುಡುಗಿಗೆ ಶೀತನಾ?" ಅಂದರು. ಅಲ್ಲಿಗೆ ಬಿಟ್ಟೆವು.

ನಮ್ಮ ಸ್ಟುಡಿಯೊ ನನ್ನ ಹಳೇ ಓಮ್ನಿ: ಕಿಟಕಿ ಏರಿಸಿ ಒಳಗೆ ಕಂಬಳಿ ಹೊದಿಸಿದರೆ ಆಯ್ತು. ಕಾಲರ್ ಮೈಕು 900 ರೂಪಾಯಿದ್ದು. ತಿಂಗಳಿಗೆ ಬರುವ ಹನ್ನೆರಡು ಸಾವಿರದಲ್ಲಿ ಆರು ಹುಡುಗರಿಗೆ ತಲಾ ಸಾವಿರದ ಐನೂರು, ಉಳಿದದ್ದು ಪೆಟ್ರೋಲಿಗೆ. ಧಾರಣೆ ನಮಗೆ ಎಲ್ಲರಿಗಿಂತ ಅರ್ಧ ಗಂಟೆ ಮೊದಲು ಹೇಗೆ ಸಿಗುತ್ತೆ ಅನ್ನೋದನ್ನು ಮಾತ್ರ ಕೇಳಬೇಡಿ.

ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆ ಮಳೆಗಾಲದಲ್ಲಿ ಆಡಿಯೊ ಇಳಿಯೋದೇ ಕಷ್ಟ. ಅಲ್ಲಿನ ಮೂವತ್ತು ಜನಕ್ಕೆ ಎರಡು ಸಾಲಿನ ಎಸ್‌ಎಂಎಸ್ ಬೇರೆ ಹೋಗುತ್ತೆ, ಅದನ್ನು ಇವತ್ತಿಗೂ ನಾನೇ ಟೈಪ್ ಮಾಡೋದು.