ಮೊದಲು ಬೇರು, ಆಮೇಲೆ ನೀರು: ಅಕ್ವೇರಿಯಂ ತಳಕ್ಕೆ ಹಸಿರು ಹಾಸು

ಅಕ್ವೇರಿಯಂನಲ್ಲಿ ಕಾರ್ಪೆಟ್ ಗಿಡ (ತಳದ ಮಣ್ಣಿನ ಮೇಲೆ ಹಾಸಿನಂತೆ ಹಬ್ಬುವ ಗಿಡ) ಬೆಳೆಸಲು ಹೊರಟ ಹೆಚ್ಚಿನವರಿಗೆ ಕೈಕೊಡುವುದು ಮೊದಲ ವಾರವೇ. ಗಿಡ ನೆಟ್ಟ ದಿನವೇ ಟ್ಯಾಂಕ್ ತುಂಬಾ ನೀರು ತುಂಬಿಸುತ್ತಾರೆ. ಬೇರು ಇನ್ನೂ ಮಣ್ಣು ಹಿಡಿದಿರುವುದಿಲ್ಲ, ನೆಟ್ಟ ಚೂರುಗಳು ಒಂದೊಂದಾಗಿ ಮೇಲೆದ್ದು ತೇಲುತ್ತವೆ, ಉಳಿದವು ಕರಗುತ್ತವೆ, ಅಷ್ಟರಲ್ಲಿ ಪಾಚಿ ಬಂದು ಜಾಗ ಹಿಡಿಯುತ್ತದೆ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಡ್ರೈ ಸ್ಟಾರ್ಟ್ ಮಾಡಿ ಅಂತ. ಮೊದಲ ಐದಾರು ವಾರ ಟ್ಯಾಂಕಿಗೆ ನೀರೇ ತುಂಬಿಸಬೇಡಿ. ಮಣ್ಣು ಒದ್ದೆ ಇರಲಿ, ಒಳಗಿನ ಗಾಳಿಯಲ್ಲಿ ತೇವ ಇರಲಿ, ಸಾಕು.

ಇದು ಗಿಡಕ್ಕೆ ಹಿಂಸೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಈ ಗಿಡಗಳಲ್ಲಿ ಬಹುಪಾಲು ಹೊಳೆ ದಂಡೆಯ ಜೌಗಿನಲ್ಲಿ ಬೆಳೆಯುವಂಥವು. ನೀರು ಏರಿದಾಗ ಮುಳುಗಿ ಬದುಕುತ್ತವೆ, ಇಳಿದಾಗ ಗಾಳಿಯಲ್ಲಿ ಇನ್ನೂ ಜೋರಾಗಿ ಹಬ್ಬುತ್ತವೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ (ಸಿಒ2) ಸುಲಭವಾಗಿ ಸಿಗುತ್ತದೆ, ನೀರೊಳಗೆ ಅದಕ್ಕೇ ಪರದಾಟ.

ಗಿಡದ ಆಯ್ಕೆಗೆ ಬಂದರೆ, ಮೊದಲ ಸಲಕ್ಕೆ ಮಾಂಟೆ ಕಾರ್ಲೊ ತಗೊಳ್ಳಿ. ದುಂಡನೆಯ ಸಣ್ಣ ಎಲೆ, ಬೇಗ ಹಬ್ಬುತ್ತದೆ, ಸ್ವಲ್ಪ ಏರುಪೇರಾದರೂ ತಡೆದುಕೊಳ್ಳುತ್ತದೆ. ಎಚ್‌ಸಿ ಕ್ಯೂಬಾದ ಎಲೆ ಇನ್ನೂ ಚಿಕ್ಕದು, ನೋಡಲು ಬಹಳ ಚೆಂದ, ಆದರೆ ಸಿಒ2 ಕಡಿಮೆಯಾದರೆ ಮೊದಲು ಸಾಯುವುದು ಅದೇ. ಹುಲ್ಲಿನ ಹಾಗೆ ಕಾಣಬೇಕೆಂದರೆ ಡ್ವಾರ್ಫ್ ಹೇರ್ ಗ್ರಾಸ್. ಸಿಒ2 ಹಾಕುವುದೇ ಇಲ್ಲ ಅನ್ನುವವರಿಗೆ ಮಾರ್ಸಿಲಿಯಾ. ನಮ್ಮ ಗದ್ದೆಗಳಲ್ಲಿ ಕಾಣುವ ನಾಲ್ಕೆಲೆಯ ಜರಿಗಿಡದ ಕುಲದ್ದೇ ಇದು. ನೀರೊಳಗೆ ಮಾತ್ರ ಎಷ್ಟೋ ಸಲ ಒಂಟಿ ಎಲೆ ಬಿಡುತ್ತದೆ, ಬೇರೆ ಗಿಡ ಕೊಟ್ಟುಬಿಟ್ಟರು ಅಂತ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ.

ಕೆಳಗೆ ಅಕ್ವಾ ಸಾಯಿಲ್ (ಗಿಡಕ್ಕೆ ಪೋಷಕಾಂಶವಿರುವ, ಕಾಳು ಕಾಳಾದ ಅಕ್ವೇರಿಯಂ ಮಣ್ಣು) ಹಾಕಿ, ತೊಳೆಯಬೇಡಿ. ಮುಂದೆ 3 ಸೆಂ.ಮೀ., ಹಿಂದೆ 6-7 ಸೆಂ.ಮೀ. ಇಳಿಜಾರಾಗಿರಲಿ. 60 × 30 ಸೆಂ.ಮೀ. ತಳದ ಟ್ಯಾಂಕಿಗೆ 9 ಲೀಟರ್ ಚೀಲ ಒಂದು ಹಾಕಿದರೆ ಸರಾಸರಿ 5 ಸೆಂ.ಮೀ. ದಪ್ಪ ಬರುತ್ತದೆ. ಸಣ್ಣ ಕಾಳಿನ ಸಾಯಿಲ್ ಸಿಕ್ಕರೆ ಮೇಲಿನ ಪದರಕ್ಕೆ ಅದೇ ಒಳ್ಳೆಯದು, ಎಳೆ ಬೇರು ಬೇಗ ಹಿಡಿಯುತ್ತದೆ. ಆಮೇಲೆ ನಿಧಾನವಾಗಿ ನೀರು ಬಿಡಿ. ಮುಂದಿನ ಗಾಜಿನಲ್ಲಿ ನೀರಿನ ಗೆರೆ ಕಾಣುತ್ತದಲ್ಲ, ಅದು ಮಣ್ಣಿನ ಮಟ್ಟಕ್ಕಿಂತ ತುಸು ಕೆಳಗೇ ನಿಲ್ಲಬೇಕು. ಮಣ್ಣಿನ ಮೇಲೆ ನೀರು ನಿಂತರೆ ಎಳೆ ಗಿಡ ಕೊಳೆಯುತ್ತದೆ.

ನೆಡುವ ಕೆಲಸಕ್ಕೆ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಟಿಶ್ಯೂ ಕಲ್ಚರ್ ಕಪ್ಪಿನ (ಪ್ರಯೋಗಾಲಯದಲ್ಲಿ ಜೆಲ್ಲಿನ ಮೇಲೆ ಬೆಳೆಸಿದ) ಗಿಡವಾದರೆ ಬೇರಿಗಂಟಿದ ಜೆಲ್ಲನ್ನು ಬೋಗುಣಿಯ ನೀರಿನಲ್ಲಿ ಪೂರ್ತಿ ತೊಳೆಯಿರಿ, ಉಳಿದರೆ ಬೂಷ್ಟು ಹಿಡಿಯುತ್ತದೆ. ಗಿಡವನ್ನು ಉಗುರಿನಷ್ಟು ಚೂರು ಮಾಡಿ. ಒಂದೊಂದನ್ನೂ ಉದ್ದನೆಯ ಚಿಮಟದಲ್ಲಿ ಬೇರಿನ ಕಡೆ ಹಿಡಿದು, ಓರೆಯಾಗಿ ಮಣ್ಣಿಗೆ ತಳ್ಳಿ, ಚಿಮಟವನ್ನು ಸ್ವಲ್ಪ ಸಡಿಲಿಸಿ, ಅಲುಗಿಸುತ್ತಾ ಹೊರಗೆ ತೆಗೆಯಿರಿ. ತುದಿಯ ಎಲೆಗಳಷ್ಟೇ ಹೊರಗೆ ಕಂಡರೆ ಸಾಕು. ಎರಡು ಚೂರುಗಳ ನಡುವೆ 2 ಸೆಂ.ಮೀ. ಜಾಗ ಬಿಡಿ. ದೊಡ್ಡ ದೊಡ್ಡ ಗೊಂಚಲು ನೆಟ್ಟರೆ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಹಾಸು ಕೂಡಿಕೊಳ್ಳಲು ಜಾಸ್ತಿ ದಿನ ಬೇಕು.

ಟ್ಯಾಂಕಿನ ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಬಿಗಿದು, ದಿನಕ್ಕೆ 10-12 ಗಂಟೆ ಲೈಟ್ ಹಾಕಿ. ಕಿಟಕಿಯ ಬಿಸಿಲು ನೇರವಾಗಿ ಬೀಳಬಾರದು, ಮುಚ್ಚಿದ ಗಾಜಿನೊಳಗೆ ಗಿಡ ಬೆಂದುಹೋಗುತ್ತದೆ. ದಿನಕ್ಕೊಮ್ಮೆ ಐದು ಹತ್ತು ನಿಮಿಷ ಹಾಳೆ ತೆಗೆದು ಗಾಳಿಯಾಡಿಸಿ, ಒಣಗಿದಂತೆ ಕಂಡರೆ ಮಾತ್ರ ಸ್ಪ್ರೇ ಮಾಡಿ. ಬಿಳಿ ಬೂಷ್ಟು ಕಂಡರೆ ಆ ಚೂರನ್ನು ಕಿತ್ತುಹಾಕಿ, ಸ್ಪ್ರೇ ಕಡಿಮೆ ಮಾಡಿ, ಹಾಳೆಯನ್ನು ಇನ್ನೂ ಸ್ವಲ್ಪ ಹೊತ್ತು ತೆರೆದಿಡಿ. ಮಳೆಗಾಲದಲ್ಲಿ ಈ ಕಾಟ ಜಾಸ್ತಿ.

ನೀರು ತುಂಬಿಸುವ ಹೊತ್ತು ಬಂತಾ ಅಂತ ನೋಡಲು ಕ್ಯಾಲೆಂಡರ್ ಬೇಡ. ಚಿಮಟದಿಂದ ಒಂದು ಚೂರನ್ನು ಮೆಲ್ಲಗೆ ಎಳೆಯಿರಿ. ಬರದೆ ಹಟ ಹಿಡಿದರೆ, ಗಾಜಿನ ಪಕ್ಕ ಬಿಳಿ ಬೇರು ಇಳಿದಿರುವುದು ಕಂಡರೆ, ಮಣ್ಣಿನ ಮುಕ್ಕಾಲು ಭಾಗ ಹಸಿರಾಗಿದ್ದರೆ, ತುಂಬಿಸಬಹುದು. ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿ, ಅದರ ಮೇಲೆ ಸಣ್ಣ ಪೈಪಿನಿಂದ ನೀರು ಬಿಡಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು. ಬೋರ್‌ವೆಲ್ ನೀರು ತುಂಬಾ ಗಡಸಾಗಿದ್ದರೆ ಅರ್ಧಕ್ಕರ್ಧ ಆರ್‌ಒ ನೀರು ಬೆರೆಸಿ.

ಮುಂದಿನ ಎರಡು ಮೂರು ವಾರಗಳದ್ದೇ ನಿಜವಾದ ಪರೀಕ್ಷೆ. ಗಾಳಿಯಲ್ಲಿ ಬೆಳೆದ ಎಲೆಗಳಲ್ಲಿ ಕೆಲವು ಹಳದಿಯಾಗಿ ಕರಗುತ್ತವೆ, ಕತ್ತರಿಸಿ ತೆಗೆಯಿರಿ, ಹೊಸ ಎಲೆ ನೀರಿಗೆ ತಕ್ಕಂತೆ ಬರುತ್ತದೆ. ಲೈಟನ್ನು ಆರು ಗಂಟೆಗೆ ಇಳಿಸಿ. ಹೊಸ ಸಾಯಿಲ್ ಅಮೋನಿಯಾ ಬಿಡುವುದರಿಂದ ಮೊದಲ ವಾರ ದಿನ ಬಿಟ್ಟು ದಿನ ಅರ್ಧ ನೀರು ಬದಲಿಸಿ. ಸಿಒ2 ಲೈಟಿಗಿಂತ ಒಂದೆರಡು ಗಂಟೆ ಮೊದಲೇ ಶುರುವಾಗಲಿ, ಲೈಟ್ ಹೊತ್ತುವಷ್ಟರಲ್ಲಿ ಡ್ರಾಪ್ ಚೆಕರ್ (ನೀರಿನಲ್ಲಿರುವ ಸಿಒ2 ಎಷ್ಟೆಂದು ಬಣ್ಣದಲ್ಲಿ ತೋರಿಸುವ ಸಣ್ಣ ಸಾಧನ) ಹಸಿರಾಗಿರಬೇಕು, ಅಂದರೆ ಸುಮಾರು 30 ಪಿಪಿಎಂ (ಲೀಟರಿಗೆ 30 ಮಿ.ಗ್ರಾಂ) ಸಿಒ2. ಸಿಒ2 ಸಿಲಿಂಡರಿಗೆ ದುಡ್ಡು ಹಾಕಲು ಆಗದಿದ್ದರೆ ಸಿಟ್ರಿಕ್ ಆಸಿಡ್ ಮತ್ತು ಅಡುಗೆ ಸೋಡಾದ ಎರಡು ಬಾಟಲ್ ಸೆಟ್ ಸಣ್ಣ ಟ್ಯಾಂಕಿಗೆ ಸಾಕಾಗುತ್ತದೆ. ಯಾವುದೇ ಆಗಲಿ, ಕರೆಂಟ್ ಹೋದರೆ ತಾನೇ ಮುಚ್ಚಿಕೊಳ್ಳುವ ಸೊಲೆನಾಯ್ಡ್ (ಕರೆಂಟಿನಿಂದ ನಡೆಯುವ ವಾಲ್ವ್) ಹಾಕಿಸಿ. ಕತ್ತಲೆಯಲ್ಲಿ ಗ್ಯಾಸ್ ಹರಿಯುತ್ತಲೇ ಇದ್ದರೆ ಮೀನು ಉಸಿರುಗಟ್ಟಿ ಸಾಯಬಹುದು.

ನೀರಿನ ಪರೀಕ್ಷೆಯಲ್ಲಿ, ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲಷ್ಟೇ ಜೀವಿಗಳನ್ನು ಬಿಡಿ. ಪಾಚಿ ತಿನ್ನಲು ಅಮಾನೊ ಸೀಗಡಿ ಬಹಳ ಒಳ್ಳೆಯವು. ಗೋಲ್ಡ್‌ಫಿಶ್ ಮಾತ್ರ ಬೇಡವೇ ಬೇಡ, ಅಗೆದು ಕಿತ್ತು ತಿಂದುಬಿಡುತ್ತವೆ.

ಹಾಸು ಮೂರ್ನಾಲ್ಕು ಸೆಂ.ಮೀ. ದಪ್ಪವಾದಾಗ ಬಾಗಿದ ಕತ್ತರಿಯಿಂದ ಅರ್ಧಕ್ಕೆ ಕತ್ತರಿಸಿ. ಚೆನ್ನಾಗಿ ಬೆಳೆದಿದೆ ಅಂತ ಸುಮ್ನೆ ಬಿಟ್ಟರೆ ಅಡಿಯ ಪದರಕ್ಕೆ ಬೆಳಕು ಸಿಗದೆ ಕೊಳೆತು, ಇಡೀ ಹಾಸೇ ಒಂದು ದಿನ ಬೇರು ಸಮೇತ ಎದ್ದು ತೇಲುತ್ತದೆ. ಕತ್ತರಿಸುವ ಮುನ್ನ ಫಿಲ್ಟರ್ ನಿಲ್ಲಿಸಿ, ತೇಲಿದ ಚೂರುಗಳನ್ನೆಲ್ಲ ಬಲೆಯಲ್ಲಿ ಹಿಡಿದು ತೆಗೆದು, ಆಮೇಲೆ ಅರ್ಧ ನೀರು ಬದಲಿಸಿ. ಬಲೆಗೆ ಸಿಕ್ಕ ಗಟ್ಟಿ ಚೂರುಗಳನ್ನು ಎಸೆಯಬೇಡಿ, ಎಲ್ಲಿ ಮಣ್ಣು ಇನ್ನೂ ಬರಿದಾಗಿದೆಯೋ ಅಲ್ಲಿ ನೆಡಿ.