ಚಳಿಗಾಲದ ದಣಿವಿಗೆ ಚೀನೀ ದಾರಿ: ಪಾದದಿಂದ ಶುರು

ಚೀನೀ ಸಾಂಪ್ರದಾಯಿಕ ವೈದ್ಯರು ನಾಡಿ ಹಿಡಿದು, ನಾಲಿಗೆ ನೋಡಿ, ‘ಕಿಡ್ನಿ ಸೋತಿದೆ’ ಎಂದರೆ ಗಾಬರಿ ಬೀಳಬೇಕಿಲ್ಲ. ಅವರು ಹೇಳುವ ‘ಶೆನ್’ ರಕ್ತ ಸೋಸುವ ಮೂತ್ರಪಿಂಡವಷ್ಟೇ ಅಲ್ಲ. ಹುಟ್ಟಿನಿಂದ ಬಂದ ಕಸುವನ್ನು, ಅವರ ಮಾತಿನಲ್ಲಿ ‘ಜಿಂಗ್’ ಅನ್ನು, ಕೂಡಿಟ್ಟ ಕಣಜ ಅದು. ಮೂಳೆ, ಕಿವಿ, ತಲೆಗೂದಲು, ಸೊಂಟ ಎಲ್ಲವೂ ಅದರ ಲೆಕ್ಕಕ್ಕೆ ಸೇರುತ್ತವೆ. ಪಂಚತತ್ತ್ವಗಳಲ್ಲಿ ನೀರು, ಋತುಗಳಲ್ಲಿ ಚಳಿಗಾಲ ಅದರ ಪಾಲು. ಆ ಮೂರು ತಿಂಗಳು ಮೈಮುರಿದು ದಣಿಯುವುದೆಂದರೆ, ನಮ್ಮ ಮಾತಿನಲ್ಲಿ, ಬಿತ್ತನೆ ಬೀಜವನ್ನೇ ಹುರಿದು ತಿಂದಂತೆ.

ಮೊದಲ ಹೆಜ್ಜೆ ಮಾತ್ರ ಚೀನಾದ್ದಲ್ಲ. ದಣಿವು ವಾರಗಟ್ಟಲೆ ಬಿಡದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ನಾಡಿ ನೋಡಿ ಇವನ್ನು ಹೇಳಲಾಗದು.

ಇನ್ನು ನಿದ್ದೆ. ಸುಮಾರು ಎರಡು ಸಾವಿರ ವರ್ಷ ಹಳೆಯ ‘ಹುವಾಂಗ್ದಿ ನೇಯ್‌ಜಿಂಗ್’ ಗ್ರಂಥ ಚಳಿಗಾಲವನ್ನು ಮುಚ್ಚಿ ಕೂಡಿಡುವ ಕಾಲ ಎನ್ನುತ್ತದೆ: ಬೇಗ ಮಲಗಿ, ಬಿಸಿಲು ಬಂದ ಮೇಲೆ ಏಳಿ, ಮೈ ಬೆಚ್ಚಗಿಡಿ, ಬೆವರಿಳಿಸಬೇಡಿ. ನಸುಕಿನ ಐದಕ್ಕೆ ಎದ್ದು ಓಡುವವರಿಗೆ ಇದು ರುಚಿಸಲಿಕ್ಕಿಲ್ಲ. ನನಗಂತೂ ಇಡೀ ಪದ್ಧತಿಯಲ್ಲಿ ಹೆಚ್ಚು ಹಿಡಿಸಿದ್ದು ಇದೇ.

‘ಚಳಿ ಪಾದದಿಂದ ಏರುತ್ತದೆ’ ಎಂಬುದು ಅಲ್ಲಿನ ಮನೆಮಾತು. ಹಾಗಾಗಿ ಮಲಗುವ ಮುನ್ನ ಪಾದಸ್ನಾನ. ಆಳವಾದ ಬಕೆಟ್‌ನಲ್ಲಿ ಕಣಕಾಲು ಮುಳುಗುವಷ್ಟು, ಸುಮಾರು 40 ಡಿಗ್ರಿ ಸೆಲ್ಸಿಯಸ್ ಬಿಸಿನೀರು ಹಾಕಿ. ಉಂಡ ತಕ್ಷಣ ಬೇಡ, ಗಂಟೆಯಾದರೂ ಕಳೆಯಲಿ. 15ರಿಂದ 20 ನಿಮಿಷ ಸಾಕು. ಹಣೆಯಲ್ಲಿ ಬೆವರು ಮೂಡುವ ಸೂಚನೆ ಕಂಡರೆ ಕಾಲು ತೆಗೆದು, ಬೆರಳ ಸಂದಿಯನ್ನೂ ಒರೆಸಿ. ಬಳಿಕ ಬೆರಳುಗಳನ್ನು ಒಳಕ್ಕೆ ಮಡಚಿ. ಅಂಗಾಲಿನ ಮುಂಭಾಗದಲ್ಲಿ ಒಂದು ಗುಳಿ ಕಾಣುತ್ತದೆ. ಅದು ‘ಯೋಂಗ್‌ಚುವಾನ್’, ಉಕ್ಕುವ ಚಿಲುಮೆ. ಮೈಯಲ್ಲಿ ಕಸುವು ಹರಿಯುತ್ತದೆ ಎಂದು ಅವರು ನಂಬುವ ದಾರಿಗಳಲ್ಲಿ ಶೆನ್‌ನದರ ಮೊದಲ ಬಿಂದು. ಹೆಬ್ಬೆರಳಿನಿಂದ ಅದನ್ನು ಬಿಸಿಯಾಗುವವರೆಗೆ ಉಜ್ಜಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರು ಬಿಸಿನೀರಿಗೆ ಕಾಲಿಡುವುದು ಬೇಡವೇ ಬೇಡ, ಸುಟ್ಟರೂ ತಿಳಿಯುವುದಿಲ್ಲ.

ವ್ಯಾಯಾಮಕ್ಕೆ ‘ಬಾದುವಾನ್‌ಜಿನ್’ ಎಂಬ ಎಂಟು ಚಲನೆಗಳ ಸರಣಿಯಿದೆ. ಸೊಂಟ ಮತ್ತು ಶೆನ್‌ಗೆ ಮೀಸಲಾದ ಚಲನೆ ಹೀಗೆ: ಕೈ ಮೇಲೆತ್ತಿ, ಇಳಿಸಿ, ಅಂಗೈಯಿಂದ ಸೊಂಟ ಉಜ್ಜುತ್ತಾ ಕಾಲಿನ ಹಿಂಬದಿಗುಂಟ ಬಾಗಿ ಪಾದ ಹಿಡಿಯಿರಿ, ನಿಧಾನವಾಗಿ ಏಳಿ. ಬೆನ್ನು ನೋವಿದ್ದರೆ ಮೊಣಕಾಲವರೆಗೆ ಬಾಗಿದರೂ ನಡೆದೀತು.

ಊಟದಲ್ಲಿ ಕಪ್ಪು ಬಣ್ಣಕ್ಕೆ ಮಾನ, ಏಕೆಂದರೆ ಶೆನ್‌ನ ಬಣ್ಣವೇ ಅದು: ಕಪ್ಪೆಳ್ಳು, ಕಪ್ಪು ಅವರೆಯಂಥ ಕಾಳು, ಜೊತೆಗೆ ಅಕ್ರೋಟು. ಮಾಂಸಾಹಾರಿಗಳಿಗೆ ಹಾನ್ ಕಾಲದ ವೈದ್ಯ ಜಾಂಗ್ ಜೋಂಗ್‌ಜಿಂಗ್ ಬರೆದಿಟ್ಟ ಕುರಿ ಮಾಂಸದ ಸಾರು. ಮಾಂಸವನ್ನು ಒಮ್ಮೆ ಕುದಿಸಿ ನೊರೆ ಚೆಲ್ಲಿ, ಹೊಸ ನೀರಿಗೆ ಜಜ್ಜಿದ ಶುಂಠಿ ಧಾರಾಳವಾಗಿ ಹಾಕಿ, ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಿ. ಮೂಲದಲ್ಲಿ ದಾಂಗ್‌ಗುಯ್ ಎಂಬ ಬೇರೂ ಇದೆ. ರಕ್ತ ತೆಳುಮಾಡುವ ಮಾತ್ರೆ ನುಂಗುವವರು ಅದನ್ನು ಮುಟ್ಟಬಾರದು. ಮೂತ್ರಪಿಂಡದ ಕಾಯಿಲೆ ನಿಜಕ್ಕೂ ಇದ್ದವರಿಗೆ ಕಾಳು, ಅಕ್ರೋಟುಗಳಲ್ಲಿರುವ ಪೊಟ್ಯಾಸಿಯಂ, ರಂಜಕವೇ ತೊಂದರೆ ಆಗಬಹುದು. ಅವರು ವೈದ್ಯರನ್ನು ಕೇಳಿಯೇ ತಿನ್ನಲಿ.

‘ಕಿಡ್ನಿ ಟಾನಿಕ್’ ಎಂದು ಮಾರುವ ಮೂಲಿಕೆ ಪುಡಿಗಳಿಂದ ಮಾತ್ರ ದೂರವಿರಿ. ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಬೆರೆಸಿದ ಗುಳಿಗೆ ನುಂಗಿದ ಮಹಿಳೆಯರ ಮೂತ್ರಪಿಂಡಗಳು ಕೆಟ್ಟ ಸಂಗತಿ 1993ರಲ್ಲಿ ವರದಿಯಾಯಿತು. ಮುಂದೆ ಅಂಥವರ ಸಂಖ್ಯೆ ನೂರು ದಾಟಿತು. ಒಂದು ಬೇರಿನ ಬದಲು ಇನ್ನೊಂದು ಸೇರಿಕೊಂಡಿತ್ತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಕೆಡಿಸುವುದಲ್ಲದೆ ಮೂತ್ರಾಂಗಗಳ ಕ್ಯಾನ್ಸರನ್ನೂ ತರುತ್ತದೆ. ನಮ್ಮ ಬೇಲಿಗಳಲ್ಲಿ ಹಬ್ಬುವ ಈಶ್ವರಬಳ್ಳಿಯೂ ಅದೇ ಕುಲದ್ದು, ಅದರಲ್ಲೂ ಅದೇ ಆಮ್ಲವಿದೆ.